ಸೀಟಿ ಊದಿದ ಅಕ್ಕೋರ ಹೆಸರೇನು?

ಕಾಲೇಜಿನ ಹುಡುಗಿಯರು ಕಬಡ್ಡಿಯಲ್ಲೋ ಖೋ-ಖೋದಲ್ಲೋ ಗೆದ್ದು ಬಂದರೆಂಬ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದಲ್ಲ, ಅದನ್ನು ಒಮ್ಮೆ ಕೊನೆಯ ಸಾಲಿನ ತನಕ ಓದಿ. ಮೊದಲು ಸಂಸ್ಥೆಯ ಅಧ್ಯಕ್ಷರ ಮಾತು, ಆಮೇಲೆ ಪ್ರಾಚಾರ್ಯರ ಮಾತು, ವೇದಿಕೆ ಮೇಲಿದ್ದ ಗಣ್ಯರ ಹೆಸರುಗಳ ಉದ್ದನೆಯ ಸಾಲು, ಶಾಲು, ಹಾರ, ಟ್ರೋಫಿ ಹಿಡಿದ ಫೋಟೊ. ಎಲ್ಲ ಮುಗಿದ ಮೇಲೆ, ಜಾಗ ಸಾಲದಿದ್ದರೆ ಡೆಸ್ಕಿನವರು ಮೊದಲು ಕತ್ತರಿಸುವ ಆ ಕೊನೆಯ ಸಾಲಿನಲ್ಲಿ ಇನ್ನೊಂದು ಹೆಸರು ಸಿಗುತ್ತದೆ: ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ದೈಹಿಕ ಶಿಕ್ಷಣ ವಿಭಾಗದ ಇಂಥ ಮೇಡಂ ವಂದಿಸಿದರು. ಆ ತಂಡವನ್ನು ಕಟ್ಟಿದವರು ಆ ವಂದಿಸಿದವರೇ. ತಾವೇ ದುಡಿದು ತಂದ ಗೆಲುವಿಗೆ ತಾವೇ ಎಲ್ಲರಿಗೂ ಧನ್ಯವಾದ ಹೇಳಿ, ಕುರ್ಚಿ ಎಣಿಸಿ ಒಳಗಿಡಿಸಿ, ಮೈಕ್ ಸೆಟ್ಟಿನವನ ಲೆಕ್ಕ ಮುಗಿಸಿ ಮನೆಗೆ ಹೋಗಿರುತ್ತಾರೆ.

ನಾನು ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ನಿಡೋಣಿಯ ಹಿರಿಯರಿಗೆ, ಬಬಲೇಶ್ವರ, ತಿಕೋಟಾ, ವಿಜಯಪುರದ ಕಾಲೇಜು ನಡೆಸುವವರಿಗೆ, ಮಗಳನ್ನು ಡಿಗ್ರಿಗೆ ಹಚ್ಚಿದ ಅಪ್ಪ-ಅವ್ವಂದಿರಿಗೆ, ಒಂದು ಕಾಲಕ್ಕೆ ಅದೇ ಮೈದಾನದಲ್ಲಿ ಓಡಿ ಈಗ ನೌಕರಿ ಹಿಡಿದು ಕುಳಿತ ಹಳೆಯ ವಿದ್ಯಾರ್ಥಿಗಳಿಗೆ ಬರೆಯುತ್ತಿದ್ದೇನೆ. ನೀವು ಒಳ್ಳೆಯ ಜನ. ಕೂಲಿಯವರ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ತಿಳಿದವರು. ರಾಶಿಗೆ ಪೂಜೆ ಮಾಡುವ ನೀವು ಬಿತ್ತಿದ ಕೂರಿಗೆಗೂ ಕುಂಕುಮ ಹಚ್ಚಿ ಕೈ ಮುಗಿಯುವವರು. ಹಾಗಿದ್ದೂ ಈ ಒಂದು ಕಡೆ ನೀವು ಮುಖ ತಿರುಗಿಸಿದ್ದೀರಿ, ಅದೇ ನನಗೆ ನೋವು. ಗೊತ್ತಿಲ್ಲದೆ ತಿರುಗಿಸಿದ್ದರೆ ನೋವಿರುತ್ತಿರಲಿಲ್ಲ.

ಯಾಕೆಂದರೆ ನಿಮಗೆ ಗೊತ್ತಿದೆ. ಬೆಳಗಿನ ಆರಕ್ಕೆ ಮೈದಾನದಲ್ಲಿ ಯಾರು ನಿಂತಿರುತ್ತಾರೆ ಎಂಬುದು ನಿಮಗೆ ಗೊತ್ತಿದೆ. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆಯಾದರೆ ಚಪ್ಪಲಿ ಬಿಡದಷ್ಟು ಮೆತ್ತುತ್ತದೆ, ಅಂಥ ನೆಲಕ್ಕೆ ಗರಸು ಹಾಕಿಸಲು ಆಫೀಸಿಗೆ ಅಲೆದು, ಜಾಲಿಮುಳ್ಳು ಆರಿಸಿ, ಸುಣ್ಣದ ಪುಡಿಯಲ್ಲಿ ತಾವೇ ಗೆರೆ ಎಳೆದು, ಹುಡುಗಿಯರು ಬರುವಷ್ಟರಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡು ನಿಲ್ಲುವವರು ಯಾರು ಎಂಬುದು ನಿಮಗೆ ಗೊತ್ತಿದೆ. ಟೂರ್ನಿಗೆ ಹೋಗುವ ದಿನ ಎಲ್ಲರ ಜರ್ಸಿ, ಗುರುತಿನ ಚೀಟಿ, ನೋವಿನ ಸ್ಪ್ರೇ, ಗ್ಲೂಕೋಸ್ ಒಂದು ಚೀಲದಲ್ಲಿ, ಹುಡುಗಿಯರು ಯಾರಿಗೂ ಕೇಳಲಾಗದ ಪ್ಯಾಡಿನ ಪೊಟ್ಟಣ ತಮ್ಮ ಸ್ವಂತ ಚೀಲದಲ್ಲಿ ಇಟ್ಟುಕೊಂಡು ಹೊರಡುವವರು ಯಾರು ಎಂಬುದೂ ಗೊತ್ತಿದೆ.

ಒಂದು ಸಂಗತಿಯನ್ನು ಹತ್ತಿರದಿಂದ ನೋಡಿ. ಕಬಡ್ಡಿಯಲ್ಲಿ ದಾಳಿಗೆ ಹೋದವಳು ‘ಕಬಡ್ಡಿ ಕಬಡ್ಡಿ’ ಎಂದು ಬಿಡದೆ, ಸ್ಪಷ್ಟವಾಗಿ, ಪಂಚರಿಗೆ ಕೇಳುವಂತೆ ಅನ್ನಬೇಕು. ಅನ್ನದಿದ್ದರೆ ಆಕೆಯನ್ನು ಹಿಂದಕ್ಕೆ ಕಳಿಸುತ್ತಾರೆ. ಎಷ್ಟು ಚೆನ್ನಾಗಿ ಮುಟ್ಟಿ ಬಂದರೂ ಪ್ರಯೋಜನವಿಲ್ಲ. ಈಗ ನಮ್ಮೂರಿನ ಒಬ್ಬ ಹುಡುಗಿಯನ್ನು ನೆನೆಯಿರಿ, ಹೆಸರು ಯಾವುದಾದರೂ ಇರಲಿ. ಹುಟ್ಟಿದಾಗಿನಿಂದ ಆಕೆ ಕೇಳಿದ ಮಾತು ‘ದನಿ ಸಣ್ಣ ಮಾಡ’, ‘ಓಣ್ಯಾಗ ನಗಬ್ಯಾಡ’, ‘ಮಂದಿ ನೋಡ್ತಾರ’. ಹದಿನೆಂಟು ವರ್ಷ ದನಿ ಇಳಿಸುವುದನ್ನೇ ಕಲಿತವಳು ಮೊದಲ ದಿನ ಗೆರೆ ದಾಟಿದಾಗ ಬಾಯಿಂದ ಶಬ್ದವೇ ಹೊರಡುವುದಿಲ್ಲ. ಕಾಲಿನ ಚುರುಕು, ಕೈಯ ಹಿಡಿತ ಎಲ್ಲ ಇದೆ, ದನಿ ಇಲ್ಲ. ಆಗ ಮೇಡಂ ಚೆಂಡು-ಹಗ್ಗ ಬದಿಗಿಟ್ಟು, ಮೈದಾನದ ಆ ತುದಿಗೆ ಹೋಗಿ ನಿಂತು, ‘ಇಲ್ಲಿಗೆ ಕೇಳಬೇಕು ನೋಡವ್ವ’ ಎನ್ನುತ್ತಾರೆ. ವಾರಗಟ್ಟಲೆ ಇದೇ ಕೆಲಸ. ಹುಡುಗಿ ನಾಚುತ್ತಾಳೆ, ಗೋಡೆಯಾಚೆ ನಿಂತ ಹುಡುಗರು ನಕ್ಕಾರೆಂದು ಅಂಜುತ್ತಾಳೆ, ಒಂದು ದಿನ ಅದೆಲ್ಲ ಮರೆತು ಎದೆ ತುಂಬಿ ಕೂಗುತ್ತಾಳೆ. ಆ ಕೂಗಿಗೆ ಯಾವ ಪದಕವೂ ಇಲ್ಲ, ಯಾವ ಅಂಕಪಟ್ಟಿಯಲ್ಲೂ ಅದು ಬರುವುದಿಲ್ಲ. ಆದರೆ ಮುಂದೆ ಆ ಹುಡುಗಿ ಗಂಡನ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದರೆ ಅದಕ್ಕೆ ಬೀಜ ಬಿದ್ದದ್ದು ಅಲ್ಲಿ. ಕಲಿಸಿದ ಅಕ್ಕೋರ ಹೆಸರೇನು?

ಟೂರ್ನಿ ಬೇರೆ ಊರಲ್ಲಿದ್ದರೆ ಅಪ್ಪ ಕೇಳುವುದು ಒಂದೇ ಪ್ರಶ್ನೆ, ‘ಜೋಡಿ ಯಾರು ಬರ್ತಾರ?’ ಮೇಡಂ ಬರುತ್ತಾರೆಂದರೆ ಮುಖ ಸಡಿಲವಾಗುತ್ತದೆ: ‘ಅಕ್ಕೋರ ಅದಾರಂದ್ರ ಕಳಸ್ತೀನ್ರಿ.’ ಸಹಿ ಬೀಳುತ್ತದೆ. ಆ ಸಹಿಯ ಬೆಲೆ ನಿಮಗೆ ಗೊತ್ತಿದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ನಮ್ಮ ಹುಡುಗಿಯರು ಹಳ್ಳಿಯಿಂದ ಶಹರದ ಕಾಲೇಜಿಗೆ ಹೋಗಿ ಬರುವುದು ಸಲೀಸಾಯಿತು. ಒಳ್ಳೆಯದಾಯಿತು. ಆದರೆ ಸಂಜೆಯ ಅಭ್ಯಾಸ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ, ಊರಿನ ಕಡೇ ಬಸ್ಸು ಬರುವ ತನಕ ನಿಲ್ದಾಣದಲ್ಲಿ ಹುಡುಗಿಯರ ಜೊತೆ ನಿಂತು, ಎಲ್ಲರನ್ನೂ ಹತ್ತಿಸಿ, ಅವರವರ ಮನೆಗೆ ಫೋನ್ ಮಾಡಿ, ಆಮೇಲೆ ತಮ್ಮ ಮಕ್ಕಳಿಗೆ ರೊಟ್ಟಿ ಬಡಿಯಲು ಓಡುವ ಆ ಹೆಂಗಸನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿದಿಲ್ಲ. ಅಂಥವರಲ್ಲಿ ಎಷ್ಟೋ ಮಂದಿ ಅತಿಥಿಯಾಗಿಯೋ ಗುತ್ತಿಗೆಯ ಮೇಲೋ ದುಡಿಯುವವರು. ಸೆಮಿಸ್ಟರ್ ಮುಗಿದರೆ ಸೇವೆಯೂ ಮುಗಿಯಿತು. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ದೇವರೇ ಬಲ್ಲ. ಕರೆಯದೇ ಹೋದ ವರ್ಷ ಆ ಅಪ್ಪನ ಸಹಿ ಬೀಳುವುದಿಲ್ಲ, ಹುಡುಗಿ ಮೈದಾನಕ್ಕೆ ಬರುವುದು ನಿಲ್ಲಿಸುತ್ತಾಳೆ, ಯಾರೂ ಕೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ. ಆಟ ಬಿಟ್ಟವರ ಪಟ್ಟಿ ಯಾವ ಕಾಲೇಜೂ ಇಡುವುದಿಲ್ಲವಲ್ಲ.

ನಮ್ಮ ಜಿಲ್ಲೆ ಹೆಮ್ಮೆ ಪಟ್ಟ ದಿನವೊಂದನ್ನು ನೆನಪಿಸುತ್ತೇನೆ. 2017ರ ಜುಲೈ 15, ಇಂಗ್ಲೆಂಡಿನ ಡರ್ಬಿ. ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಉಳಿಯಬೇಕಾದರೆ ಗೆಲ್ಲಲೇಬೇಕಾದ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್‌ಗೆ 5 ವಿಕೆಟ್ ಕಿತ್ತು ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದರು. ಊರಿಗೆ ಊರೇ ಕುಣಿಯಿತು. ಆಗ ಜಲಸಂಪನ್ಮೂಲ ಸಚಿವರಾಗಿದ್ದ ನಮ್ಮ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದೆ ಬಂದದ್ದು, ಕಾರು ಬೇಡ, ಇರಲು ಮನೆ ಬೇಕೆಂದು ರಾಜೇಶ್ವರಿ ಕೇಳಿದ್ದು ನಿಮಗೆಲ್ಲ ಗೊತ್ತು. ಇನ್ನೊಂದು ಗೊತ್ತೇ? ಅದೇ ವರ್ಷದ ಫೆಬ್ರುವರಿಯಲ್ಲಿ ಕೊಲಂಬೊದ ಅರ್ಹತಾ ಟೂರ್ನಿ ಗೆದ್ದು ಭಾರತ ಆ ವಿಶ್ವಕಪ್ಪಿಗೆ ದಾರಿ ಮಾಡಿಕೊಂಡಾಗ ತಂಡದ ಕೋಚ್ ಆಗಿದ್ದವರು ಹೈದರಾಬಾದಿನ ಪೂರ್ಣಿಮಾ ರಾವ್, ಭಾರತದ ಮಾಜಿ ನಾಯಕಿ. 2016ರ ಜನವರಿಯಲ್ಲಿ ಆಸ್ಟ್ರೇಲಿಯಾದ ನೆಲದಲ್ಲೇ ಟಿ-20 ಸರಣಿ ಗೆದ್ದದ್ದೂ ಅವರ ಕೈಕೆಳಗೆ. 2017ರ ಏಪ್ರಿಲ್‌ನಲ್ಲಿ, ವಿಶ್ವಕಪ್ಪಿಗೆ ಎರಡೇ ತಿಂಗಳಿದ್ದಾಗ, ಅವರನ್ನು ತೆಗೆದು ಗಂಡಸೊಬ್ಬರನ್ನು ನೇಮಿಸಿದರು. ಬಂದವರು ಕೆಟ್ಟ ಕೋಚ್ ಎನ್ನುತ್ತಿಲ್ಲ. ತಂಡ ಫೈನಲ್ ತನಕ ಹೋಯಿತು, ಲಾರ್ಡ್ಸಿನಲ್ಲಿ 9 ರನ್ನಿನಿಂದ ಸೋತಿತು. ನಾನು ಕೇಳುವುದಿಷ್ಟೆ: ಊರೆಲ್ಲ ಕುಣಿದ ಆ ದಿನ ನಮ್ಮಲ್ಲಿ ಒಬ್ಬರಾದರೂ ಪೂರ್ಣಿಮಾ ರಾವ್ ಹೆಸರು ನೆನೆದೆವೆ?

2023ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಹತ್ತೊಂಬತ್ತರ ಒಳಗಿನ ಹುಡುಗಿಯರು ಮೊದಲ ವಿಶ್ವಕಪ್ ಗೆದ್ದರು. ನಾಯಕಿ ಶಫಾಲಿ ವರ್ಮಾ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಕೋಚ್ ಯಾರು? ನೂಶಿನ್ ಅಲ್ ಖದೀರ್, ನಮ್ಮ ಕರ್ನಾಟಕಕ್ಕೂ ಆಡಿದವರು, 2005ರ ವಿಶ್ವಕಪ್ ಫೈನಲ್ಲಿನಲ್ಲಿ ಸೋತ ತಂಡದಲ್ಲಿದ್ದವರು. ಆಟಗಾರ್ತಿಯಾಗಿ ಸಿಗದಿದ್ದ ಕಪ್ಪನ್ನು ಹದಿನೆಂಟು ವರ್ಷ ಕಾದು ಶಿಷ್ಯೆಯರ ಕೈಯಿಂದ ಪಡೆದವರು. ಅದೇ 2023ರ ಮಾರ್ಚಿನಲ್ಲಿ ಕೋಟಿಗಟ್ಟಲೆ ಹಣ ಸುರಿದು ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು. ಐದು ತಂಡ, ಐವರು ಮುಖ್ಯ ಕೋಚ್. ಇಬ್ಬರು ಹೆಂಗಸರು, ಇಬ್ಬರೂ ಹೊರದೇಶದವರು. ಕೋಚ್‌ಗಳಿಗೆಂದೇ 1985ರಿಂದ ಕೊಡುತ್ತ ಬಂದ ದ್ರೋಣಾಚಾರ್ಯ ಪ್ರಶಸ್ತಿಯ 2023ರ ಪಟ್ಟಿಯಲ್ಲಿ ಎಂಟು ಹೆಸರಿದ್ದವು, ಎಂಟೂ ಗಂಡಸರವು. ಮುಂದಿನ ವರ್ಷದ ಐವರಲ್ಲಿ ಶೂಟಿಂಗ್ ಕೋಚ್ ದೀಪಾಲಿ ದೇಶಪಾಂಡೆ ಒಬ್ಬರಿಗೆ ಸಿಕ್ಕಿತು. ಇಡೀ ಜಗತ್ತಿನ ಕಥೆಯೂ ಇದಕ್ಕಿಂತ ಬೇರೆಯಿಲ್ಲ: ಟೋಕಿಯೊ ಒಲಿಂಪಿಕ್ಸಿನ ಆಟಗಾರರಲ್ಲಿ ಹೆಚ್ಚುಕಡಿಮೆ ಅರ್ಧ ಹೆಣ್ಣುಮಕ್ಕಳು, ಕೋಚ್‌ಗಳಲ್ಲಿ ನೂರಕ್ಕೆ 13.

ಅಮೆರಿಕದ ಕಾಲೇಜುಗಳಲ್ಲಿ ನಡೆದದ್ದನ್ನು ನಾವು ಗಮನಿಸಬೇಕು, ಏಕೆಂದರೆ ಅದು ನಮ್ಮ ಮುಂದೆಯೂ ಬಂದು ನಿಂತಿದೆ. 1972ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಕಾಲೇಜುಗಳು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಅವಕಾಶ ಕೊಡಬೇಕಾಯಿತು. ಆಡುವ ಹುಡುಗಿಯರು ಎಷ್ಟೋ ಪಟ್ಟು ಹೆಚ್ಚಿದರು. ಆದರೆ ಕಾನೂನು ಬಂದ ವರ್ಷ ಹುಡುಗಿಯರ ತಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಹೆಂಗಸರೇ ತಯಾರು ಮಾಡುತ್ತಿದ್ದರು. ನಾಲ್ಕು ದಶಕ ಕಳೆಯುವಷ್ಟರಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಹಣವಿಲ್ಲದಾಗ ಆ ಕೆಲಸ ಹೆಂಗಸರದಾಗಿತ್ತು. ಪಗಾರ ಬಂತು, ಗೌರವ ಬಂತು, ಕೆಲಸ ಗಂಡಸರ ಕಡೆ ಸರಿಯಿತು. ಆದರೂ ಅಲ್ಲಿ ಪ್ಯಾಟ್ ಸಮಿಟ್ ಎಂಬ ಹೆಣ್ಣುಮಗಳು 1974ರಲ್ಲಿ, 22ನೆಯ ವಯಸ್ಸಿನಲ್ಲಿ, ಟೆನೆಸ್ಸಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಹೊಣೆ ಹೊತ್ತರು. ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನ್ ತಾವೇ ಓಡಿಸುತ್ತಿದ್ದರು, ಹುಡುಗಿಯರ ಸಮವಸ್ತ್ರ ತಾವೇ ಒಗೆಯುತ್ತಿದ್ದರು. ನಮ್ಮ ಮೇಡಂನೇ ಕಣ್ಣ ಮುಂದೆ ಬರುವುದಿಲ್ಲವೆ? ವ್ಯತ್ಯಾಸ ಇಷ್ಟೆ, ಅವರನ್ನು 38 ವರ್ಷ ಅದೇ ತಂಡದ ಜೊತೆ ಇರಗೊಟ್ಟರು. 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಆ 38 ವರ್ಷಗಳಿಂದ. ಪ್ರತಿ ಸೆಮಿಸ್ಟರ್ ಮುಗಿದಾಗ ‘ಮುಂದಿನ ವರ್ಷ ನೋಡೋಣು’ ಎಂದು ಕಳಿಸಿದ್ದರೆ ಒಂದೂ ಬರುತ್ತಿರಲಿಲ್ಲ.

ಈಗ ಹೇಳಲು ಬಾಯಿ ಬಾರದ ಮಾತಿಗೆ ಬರುತ್ತೇನೆ.

2022ರ ಜೂನ್‌ನಲ್ಲಿ ಸ್ಲೊವೇನಿಯಾಕ್ಕೆ ತರಬೇತಿಗೆ ಹೋದ ಭಾರತದ ಸೈಕ್ಲಿಂಗ್ ತಂಡದಲ್ಲಿ ಒಬ್ಬಳೇ ಒಬ್ಬ ಹುಡುಗಿಯಿದ್ದಳು. ಕೋಚ್ ತನ್ನೊಡನೆ ಅನುಚಿತವಾಗಿ ನಡೆದುಕೊಂಡರೆಂದು ಆಕೆ ದೂರಿದಳು. ಆಕೆಯನ್ನು ವಾಪಸು ಕರೆಸಿಕೊಂಡರು, ಕೋಚ್‌ನ ಗುತ್ತಿಗೆ ರದ್ದಾಯಿತು. ಅದಾದ ಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರ, ಹೆಣ್ಣುಮಕ್ಕಳಿರುವ ತಂಡ ಹೊರಗೆ ಹೋದರೆ ಮಹಿಳಾ ಕೋಚ್ ಜೊತೆಗಿರಲೇಬೇಕೆಂದು ಫೆಡರೇಷನ್‌ಗಳಿಗೆ ಸೂಚನೆ ಕೊಟ್ಟಿತು. ಸೈಕಲ್ಲಿಗೆ ಹೆಸರಾದ ಜಿಲ್ಲೆ ನಮ್ಮದು. ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲಾಗಿ ಪೆಡಲ್ ತುಳಿಯುವ ಹುಡುಗಿಯರನ್ನು ನೀವು ಬಸ್ಸಿನ ಕಿಟಕಿಯಿಂದ ಕಂಡಿದ್ದೀರಿ. ಅವರಲ್ಲಿ ಯಾರಿಗಾದರೂ ಹೀಗಾದರೆ ಹೇಳಿಕೊಳ್ಳುವುದು ಯಾರ ಮುಂದೆ? ಅಪ್ಪನಿಗೆ ಹೇಳಿದರೆ ಆಟ ಬಿಡಿಸುತ್ತಾನೆ, ಅಣ್ಣನಿಗೆ ಹೇಳಿದರೆ ಜಗಳವಾಗುತ್ತದೆ, ಅವ್ವನಿಗೆ ಹೇಳಿದರೆ ಅವ್ವ ಅಳುತ್ತಾಳೆ. ಮೊಣಕಾಲು ಬಾತು ಮೂರು ದಿನವಾಗಿದ್ದರೂ, ಹೊಟ್ಟೆನೋವಿನಲ್ಲಿ ನಿಲ್ಲಲಾಗದಿದ್ದರೂ, ಯಾರದೋ ಕೈ ಇರಬಾರದ ಕಡೆ ಇದ್ದರೂ, ನಮ್ಮ ಹುಡುಗಿಯರು ಮೊದಲು ಮಾಡುವುದು ಸುಮ್ಮನಿರುವುದು. ಆ ಸುಮ್ಮನಿರುವಿಕೆಯ ಒಳಗೆ ಏನಿದೆ ಎಂದು ಮುಖ ನೋಡಿಯೇ ತಿಳಿಯುವವರು, ‘ಬಾರವ್ವ, ಇಲ್ಲಿ ಕೂಡು’ ಎಂದು ಬದಿಗೆ ಕರೆದು ಕೇಳುವವರು ಒಬ್ಬರು ಬೇಕು. ಅವರೇ ತಿಂಗಳ ಕೊನೆಗೆ ಇರುತ್ತಾರೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿದ್ದರೆ, ಅವರ ಮಾತಿಗೇ ಆಫೀಸಿನಲ್ಲಿ ಬೆಲೆಯಿಲ್ಲದಿದ್ದರೆ, ಆ ಹುಡುಗಿಯ ಪರವಾಗಿ ಅವರು ಯಾರ ಮುಂದೆ ನಿಂತಾರು?

ತಂಡದ ಜೊತೆ ಹೆಂಗಸೊಬ್ಬರು ಇರಬೇಕೆಂಬ ಮಾತಿಗೂ ನಮ್ಮ ಕಾಲೇಜುಗಳಲ್ಲಿ ನಾವು ಒಂದು ಉಪಾಯ ಹುಡುಕಿಕೊಂಡಿದ್ದೇವೆ, ನಿಮಗೆ ಗೊತ್ತಿದೆ. ಹುಡುಗಿಯರ ತಂಡ ಹೊರಟಿತೆಂದರೆ ಕನ್ನಡ ವಿಭಾಗದಿಂದಲೋ ವಾಣಿಜ್ಯ ವಿಭಾಗದಿಂದಲೋ ಒಬ್ಬ ಮೇಡಂ ಅವರನ್ನು ‘ಲೇಡಿ ಮ್ಯಾನೇಜರ್’ ಎಂದು ಹತ್ತಿಸಿ ಕಳಿಸುವುದು. ಅವರಿಗೆ ಆಟ ಗೊತ್ತಿಲ್ಲ, ಹುಡುಗಿಯರಿಗೆ ಅವರು ಗೊತ್ತಿಲ್ಲ. ಇನ್ನು ಕೆಲವು ಕಡೆ ಇದರ ತಿರುವುಮುರುವು: ವರ್ಷವಿಡೀ ಕಲಿಸಿದ ಹೆಂಗಸಿನ ಹೆಸರು ಪಟ್ಟಿಯಲ್ಲಿ ಮ್ಯಾನೇಜರ್, ಟೂರ್ನಿಗೆ ಮಾತ್ರ ಬಂದ ಗಂಡಸಿನ ಹೆಸರು ಕೋಚ್. ಪ್ರಮಾಣಪತ್ರ ಬರುವುದು ಆ ಹೆಸರಿಗೆ. ಮುಂದೆ ಆಕೆ ಖಾಯಂ ಹುದ್ದೆಗೆ ಅರ್ಜಿ ಹಾಕಿದರೆ ‘ತಂಡಕ್ಕೆ ಕೋಚ್ ಆಗಿದ್ದಕ್ಕೆ ದಾಖಲೆ ಏನಿದೆ’ ಎಂದು ಕೇಳುತ್ತಾರೆ. ಏನಿರುತ್ತದೆ? ಪತ್ರಿಕೆಯ ತುಣುಕು ತೋರಿಸಿದರೆ ಅದರಲ್ಲಿ ಅವರು ವಂದಿಸಿದ್ದಾರೆ!

ಕಲಿತವರೇ ಇಲ್ಲ, ಸಿಗುವುದಿಲ್ಲ ಎನ್ನುವುದು ನಮ್ಮ ಜಿಲ್ಲೆಯಲ್ಲಂತೂ ಆಡಬಾರದ ಮಾತು. ಶಹರದ ಮಗ್ಗುಲಲ್ಲೇ, ರಾಮಾಯಣಕ್ಕೆ ಹೆಸರು ಕೊಟ್ಟ ತೊರವಿಯಲ್ಲಿ, 2003ರಲ್ಲಿ ಹುಟ್ಟಿದ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯವಿದೆ, 2017ರಿಂದ ಅದು ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಅಲ್ಲಿ ದೈಹಿಕ ಶಿಕ್ಷಣದ ವಿಭಾಗವೇ ಇದೆ, ಬಿ.ಪಿ.ಇಡಿ., ಎಂ.ಪಿ.ಇಡಿ. ಮುಗಿಸಿ ಹೆಣ್ಣುಮಕ್ಕಳು ಹೊರಬರುತ್ತಾರೆ. ಟ್ರ್ಯಾಕ್ ಗುರುತು ಹಾಕುವುದರಿಂದ ಹಿಡಿದು ಸ್ನಾಯುಗಳ ಶಾಸ್ತ್ರದ ತನಕ ಓದಿ ಬಂದವರು. ಅವರು ಎಲ್ಲಿ ಹೋದರು? ನಿಮ್ಮ ಸುತ್ತಲಿನ ಕಾಲೇಜುಗಳನ್ನು ಬೆರಳು ಮಡಚಿ ಎಣಿಸಿ, ಹುಡುಗಿಯರ ತಂಡವಿರುವ ಎಷ್ಟು ಕಡೆ ಅವರು ಇದ್ದಾರೆ ಎಂದು. ಉಳಿದವರಲ್ಲಿ ಕೆಲವರು ಹೊಲಿಗೆ ಹಾಕುತ್ತಿದ್ದಾರೆ, ಕೆಲವರು ಬೇರೆ ಪರೀಕ್ಷೆ ಕಟ್ಟಿದ್ದಾರೆ, ಕೆಲವರು ದ್ರಾಕ್ಷಿ ತೋಟದ ಲೆಕ್ಕ ಬರೆಯುತ್ತಿದ್ದಾರೆ. ಸೀಟಿ ಟ್ರಂಕಿನಲ್ಲಿದೆ.

ಬಸವಣ್ಣ ಹುಟ್ಟಿದ ಬಾಗೇವಾಡಿಯ ಜಿಲ್ಲೆಯವರು ನಾವು. ಎಂಟುನೂರು ವರ್ಷಗಳ ಹಿಂದೆ ಕಸ ಗುಡಿಸಿದ ಸತ್ಯಕ್ಕ, ಅಕ್ಕಿ ಆಯ್ದ ಲಕ್ಕಮ್ಮ, ನೂಲು ತೆಗೆದ ರೆಮ್ಮವ್ವೆ ಯಾರೆಂದು ಇವತ್ತಿಗೂ ಬಲ್ಲೆವು. ಅವರ ಕಾಯಕವನ್ನು ಅವರ ಹೆಸರಿನ ಜೊತೆಗೇ ಹಿಡಿದಿಟ್ಟರು ಆ ಕಾಲದ ಜನ. ಹೋದ ವರ್ಷ ನಮ್ಮ ಮಗಳಿಗೆ ಓಡಲು ಕಲಿಸಿದಾಕೆಯ ಹೆಸರು ನಮಗೆ ಬಾರದು. ಇದು ಹೇಗಾಯಿತು?

ಸಂಸ್ಥೆ ನಡೆಸುವ ಹಿರಿಯರೇ, ನಿಮ್ಮ ಪೆನ್ನಿನ ಒಂದು ಗೀಟಿನಿಂದ ಆಗುವ ಕೆಲಸಗಳಿವೆ. ತಂಡದ ಪಟ್ಟಿಯಲ್ಲಿ ಕಲಿಸಿದವರನ್ನು ಕೋಚ್ ಎಂದೇ ಬರೆಯಿಸಿ. ಪ್ರಾಚಾರ್ಯರ ಕೋಣೆಯ ಕಪಾಟಿನಲ್ಲಿರುವ ಪ್ರತಿ ಟ್ರೋಫಿಯ ಕೆಳಗೆ ವರ್ಷದ ಪಕ್ಕದಲ್ಲಿ ಅವರ ಹೆಸರು ಕೆತ್ತಿಸಿ, ಬಹಳ ಖರ್ಚಾಗುವುದಿಲ್ಲ. ರಜೆಯ ತಿಂಗಳ ಪಗಾರವನ್ನು ಕೊಡಿ. ಬೇಸಿಗೆಯಲ್ಲಿ ಅಭ್ಯಾಸ ಮಾಡಿಸದ ತಂಡ ಜುಲೈನಲ್ಲಿ ಗೆಲ್ಲುವುದಿಲ್ಲ ಎಂಬುದು ನಿಮಗೂ ಗೊತ್ತು. ಕ್ರೀಡಾ ತರಬೇತಿಯ ಎನ್‌ಐಎಸ್ ಡಿಪ್ಲೊಮಾಕ್ಕೆ ಅವರನ್ನು ಕಳಿಸಿ. ಹೋದರೆ ಬಿಟ್ಟು ಹೋದಾರೆಂದು ಅಂಜಬೇಡಿ, ಖಾಯಂ ಮಾಡಿದರೆ ಎಲ್ಲಿಗೆ ಹೋಗುತ್ತಾರೆ? ಬಾಣಂತನಕ್ಕೆ ಹೋದವರಿಗೆ ಅವರ ಜಾಗ ಹಾಗೇ ಇರಲಿ. ಗಂಡಸು ಕೋಚ್‌ಗಳೇ, ನಿಮ್ಮಲ್ಲಿ ಅನೇಕರು ಈ ಹೆಣ್ಣುಮಕ್ಕಳಿಗೆ ಮೊದಲ ಪಾಠ ಹೇಳಿಕೊಟ್ಟ ಗುರುಗಳು, ಅದನ್ನು ಮರೆಯುವಷ್ಟು ಕೃತಘ್ನಳಲ್ಲ ನಾನು; ನಿಮ್ಮನ್ನು ಸನ್ಮಾನಕ್ಕೆ ಕರೆದಾಗ ‘ನಮ್ಮ ಮೇಡಂ ಎಲ್ಲಿ, ಅವರನ್ನೂ ಕರೀರಿ’ ಎಂದು ನೀವು ಅಂದರೆ, ನಾವು ಹತ್ತು ಮಂದಿ ಅಂದದ್ದಕ್ಕಿಂತ ಹೆಚ್ಚು ತೂಕ ಬರುತ್ತದೆ. ಪತ್ರಿಕೆಯ ಮಿತ್ರರೇ, ಕೊನೆಯ ಸಾಲನ್ನು ಮೇಲಕ್ಕೆ ತನ್ನಿ. ಸುದ್ದಿ ಕೊಡಲು ಬಂದವರಿಗೆ ಒಂದು ಪ್ರಶ್ನೆ ಕೇಳಿ, ಕಲಿಸಿದ ಅಕ್ಕೋರ ಹೆಸರೇನು?

ಅಪ್ಪಂದಿರೇ, ಕಡೆಯದಾಗಿ ನಿಮ್ಮ ಹತ್ತಿರ. ಉಳಿದವರು ಕೇಳಿಯೂ ಸುಮ್ಮನಿರಬಹುದು, ನೀವು ಕೇಳಿದರೆ ಸುಮ್ಮನಿರಲಾರರು. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಮಗಳನ್ನು ಕರೆದುಕೊಂಡು ಡಿಗ್ರಿ ಪ್ರವೇಶಕ್ಕೆ ಹೋಗುತ್ತೀರಿ. ಹಾಸ್ಟೆಲ್ ಕೇಳುತ್ತೀರಿ, ಫೀ ಕೇಳುತ್ತೀರಿ, ಬಸ್ಸಿನ ಹೊತ್ತು ಕೇಳುತ್ತೀರಿ. ಅರ್ಜಿಗೆ ಸಹಿ ಹಾಕುವ ಮೊದಲು ಇನ್ನು ಮೂರು ಮಾತು ಕೇಳಿ. ಹುಡುಗಿಯರಿಗೆ ಆಟ ಕಲಿಸಲು ನಿಮ್ಮಲ್ಲಿ ಮೇಡಂ ಅದಾರೇನ್ರಿ? ಎಷ್ಟು ವರ್ಷದಿಂದ ಅದಾರ? ಅವರ ಪಗಾರ ತಿಂಗಳಾ ತಿಂಗಳಾ ಆಗ್ತದೇನ್ರಿ?